ಸೋಮವಾರದ ಗುಳಿಗೆ

ನರ್ಸಿಂಗ್ ಓದುತ್ತಿರುವ ಮಗಳು ಎರಡನೆಯ ವರ್ಷಕ್ಕೆ ಕಾಲಿಟ್ಟಂದಿನಿಂದ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಔಷಧಶಾಸ್ತ್ರದ ಪಾರಾಯಣ ನಡೆಯುತ್ತದೆ. ಪಾರಾಯಣವೆಂಬ ಮಾತು ತಮಾಷೆಗೆ ಹೇಳಿದ್ದಲ್ಲ. ಮೊದಲ ವರ್ಷದ ಅಂಗರಚನಾಶಾಸ್ತ್ರವನ್ನು ಅವಳು ಒಬ್ಬಳೇ ಓದಿ ಮುಗಿಸಿದ್ದಳು; ಚಿತ್ರ ಬರೆದು, ಬಣ್ಣ ತುಂಬಿ, ನೆನಪಾಗದಿದ್ದರೆ ತನ್ನ ಮೊಣಕೈಯನ್ನೇ ಮುಟ್ಟಿ ನೋಡಿಕೊಂಡು. ಔಷಧಶಾಸ್ತ್ರಕ್ಕೆ ಹಾಗೆ ಮುಟ್ಟಿ ನೋಡುವ ಆಸರೆಯಿಲ್ಲ. ಇರುವುದೆಲ್ಲ ಹೆಸರು, ಹೆಸರಿನ ಹಿಂದೆ ಗುಂಪು, ಕ್ರಿಯೆ, ಪ್ರಮಾಣ, ಅಡ್ಡಪರಿಣಾಮ, ಕೊಡಬಾರದ ಸಂದರ್ಭ, ಕಟ್ಟಕಡೆಗೆ ‘ದಾದಿಯ ಹೊಣೆ’. ಇಷ್ಟನ್ನು ಬಾಯಿಪಾಠ ಮಾಡುವವರಿಗೆ ಎದುರು ಕುಳಿತು ಪುಸ್ತಕ ಹಿಡಿದು ಕೇಳುವವರು ಬೇಕು. ವಿಜ್ಞಾನಕ್ಕೆ ಹತ್ತನೆಯ ತರಗತಿಯಲ್ಲೇ ಕೈಮುಗಿದ ನಾವಿಬ್ಬರೂ ಆ ಕೆಲಸಕ್ಕೆ ನೇಮಕಗೊಂಡೆವು. ವಿಷಯ ಅರ್ಥವಾಗದವರೇ ಒಳ್ಳೆಯ ಪರೀಕ್ಷಕರು, ಅವರು ಪುಸ್ತಕದಲ್ಲಿದ್ದಂತೆ ಬಂತೇ ಎಂದಷ್ಟೇ ನೋಡುತ್ತಾರೆ ಎಂಬುದು ಮಗಳ ವಾದ.

ಅರ್ಥವಾಗದೆ ಉಳಿಯುವುದೂ ಅಷ್ಟು ಸುಲಭವಲ್ಲವೆಂದು ಬೇಗನೆ ತಿಳಿಯಿತು. ನಮ್ಮಿಬ್ಬರಲ್ಲಿ ಒಬ್ಬರು ಇಂಗ್ಲಿಷ್ ಎಂ.ಎ. ಓದಿದವರು, ಶಬ್ದ ಕಂಡರೆ ಅದರ ಹುಟ್ಟೂರು ಕೇಳುವ ಚಾಳಿ ಬಿಟ್ಟಿಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್, ಎನಲಾಪ್ರಿಲ್, ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್. ನಾಲ್ಕು ದಿನ ಕೇಳುವಷ್ಟರಲ್ಲಿ ಇವುಗಳ ಬಾಲ ಕೈಗೆ ಸಿಕ್ಕಿತು. ಉತ್ತರ ಕರ್ನಾಟಕದಲ್ಲಿ ಹೆಸರು ಏನೇ ಇರಲಿ, ಅಡ್ಡಹೆಸರು ಕೇಳಿದೊಡನೆ ಮನೆತನ ತಿಳಿಯುವುದಿಲ್ಲವೇ, ಹಾಗೆ. ‘ಒಲಾಲ್’ ಎಂದು ಮುಗಿದರೆ ಹೃದಯದ ಬಡಿತವನ್ನು ನಿಧಾನಗೊಳಿಸುವ ಮನೆತನ. ‘ಪ್ರಿಲ್’ ಮತ್ತು ‘ಸಾರ್ಟನ್’ ರಕ್ತದೊತ್ತಡ ಇಳಿಸುವ ದಾಯಾದಿಗಳು. ವಿಶ್ವ ಆರೋಗ್ಯ ಸಂಸ್ಥೆ 1950ರ ದಶಕದಿಂದ ಔಷಧಗಳಿಗೆ ಜಗತ್ತಿಗೆಲ್ಲ ಒಂದೇ ಹೆಸರು ಸಲ್ಲುವಂತೆ ನಾಮಕರಣ ಮಾಡುತ್ತ ಬಂದಿರುವುದರಿಂದ ಈ ಶಿಸ್ತು. ವ್ಯಾಕರಣದಲ್ಲಿ ಪ್ರತ್ಯಯ ಕಲಿಸಿದ ಮೇಷ್ಟ್ರು ಇದನ್ನು ನೋಡಿದ್ದರೆ ಸಂತೋಷಪಡುತ್ತಿದ್ದರು. ಅಪವಾದಗಳನ್ನು ನೋಡಿ ಇನ್ನೂ ಸಂತೋಷಪಡುತ್ತಿದ್ದರು. ‘ಸ್ಟ್ಯಾಟಿನ್’ ಎಂದು ಮುಗಿಯುವವು ಕೊಬ್ಬು ಇಳಿಸುವ ಗುಳಿಗೆಗಳೆಂದು ಮಗಳು ಹೇಳಿಕೊಟ್ಟ ಮರುದಿನವೇ ನಿಸ್ಟ್ಯಾಟಿನ್ ಎದುರಾಯಿತು. ಅದು ಶಿಲೀಂಧ್ರದ ಸೋಂಕಿಗೆ ಕೊಡುವ ಔಷಧ. ಕಂಡುಹಿಡಿದ ಇಬ್ಬರು ಮಹಿಳೆಯರು ದುಡಿಯುತ್ತಿದ್ದ ನ್ಯೂಯಾರ್ಕ್ ಸ್ಟೇಟಿನ ಹೆಸರನ್ನು ಹೊತ್ತುಕೊಂಡಿದೆ.

ವಾರ್ಫರಿನ್ ಎಂಬ ಹೆಸರಿನೊಳಗೂ ಒಂದು ಸಂಸ್ಥೆಯಿದೆ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸಂಶೋಧನಾ ಪ್ರತಿಷ್ಠಾನ. ಬೂಷ್ಟು ಹಿಡಿದ ಒಣಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದುದರ ಕಾರಣ ಹುಡುಕಹೊರಟಾಗ ದಾರಿ ಅಲ್ಲಿಗೆ ಮುಟ್ಟಿತು. ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವಾಯಿತು. ಆರು ವರ್ಷದಲ್ಲಿ ವಸ್ತು ಬದಲಾಗಲಿಲ್ಲ, ಅಳತೆ ಬದಲಾಯಿತು. ಇದನ್ನು ಓದಿದ ರಾತ್ರಿ ನಾವು ‘ಮದ್ದು’ ಎಂಬ ನಮ್ಮ ಪದದ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ಕೆಮ್ಮಿಗೂ ಮದ್ದು, ತುಪಾಕಿಗೂ ಮದ್ದು. ಕೋಟೆಯೊಳಗೆ ಸಿಡಿಮದ್ದು ಇಡುವ ಕಟ್ಟಡ ಮದ್ದಿನ ಮನೆ. ಯಾರೋ ಅನ್ನದಲ್ಲಿ ಮದ್ದು ಹಾಕಿದರು ಎಂದು ಹಳ್ಳಿಗಳಲ್ಲಿ ಪಿಸುಗುಟ್ಟುವಾಗ ಅದು ವಿಷ. ಗ್ರೀಕರ ‘ಫಾರ್ಮಕಾನ್’ ಪದಕ್ಕೂ ಔಷಧ, ವಿಷ ಎರಡೂ ಅರ್ಥಗಳಿದ್ದವೆಂದು ಎಂ.ಎ. ತರಗತಿಯಲ್ಲಿ ದೊಡ್ಡ ವಿಸ್ಮಯವೆಂಬಂತೆ ಪಾಠ ಮಾಡಿದ್ದರು. ನಮ್ಮ ಅಜ್ಜಿಯರು ಅದನ್ನು ವಿಸ್ಮಯವಿಲ್ಲದೆ ದಿನಬಳಕೆಯಲ್ಲಿಟ್ಟುಕೊಂಡಿದ್ದರು.

ಡಿಜಾಕ್ಸಿನ್ ಪಾಠ ಬಂದಾಗ ಇದು ಇನ್ನೊಂದು ಬಗೆಯಲ್ಲಿ ಸ್ಪಷ್ಟವಾಯಿತು. ಫಾಕ್ಸ್‌ಗ್ಲವ್ ಗಿಡದ ಎಲೆ ಹೃದ್ರೋಗದ ಬಾವಿಗೆ ಆಗಿಬರುತ್ತದೆಂದು ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯ 1785ರಲ್ಲಿ ಪುಸ್ತಕ ಬರೆದ. ಶ್ರಾಪ್‌ಶೈರಿನ ಒಬ್ಬ ಮುದುಕಿ ಗುಟ್ಟಾಗಿ ಇಟ್ಟುಕೊಂಡಿದ್ದ, ಇಪ್ಪತ್ತಕ್ಕೂ ಹೆಚ್ಚು ಗಿಡಮೂಲಿಕೆಗಳ ಮನೆಮದ್ದಿನಿಂದ ಅವನು ಅದನ್ನು ಬೇರ್ಪಡಿಸಿಕೊಂಡಿದ್ದ. ಅವನು ವರ್ಷಗಟ್ಟಲೆ ಪಟ್ಟ ಪಾಡೆಲ್ಲ ಎಷ್ಟು ಕೊಡಬೇಕೆಂಬುದಕ್ಕೆ. ಗುಣ ಮಾಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವಿನ ಓಣಿ ಈ ಔಷಧದಲ್ಲಿ ಬಹಳ ಇಕ್ಕಟ್ಟು. ಆದ್ದರಿಂದ ಮಗಳ ಪುಸ್ತಕದ ‘ದಾದಿಯ ಹೊಣೆ’ ಎಂಬ ಅಂಕಣದಲ್ಲಿ, ಕೊಡುವ ಮೊದಲು ಪೂರ್ತಿ ಒಂದು ನಿಮಿಷ ನಾಡಿ ಎಣಿಸಬೇಕು, ವಯಸ್ಕರಲ್ಲಿ 60ಕ್ಕಿಂತ ಕಡಿಮೆಯಿದ್ದರೆ ಕೊಡದೆ ವೈದ್ಯರಿಗೆ ತಿಳಿಸಬೇಕು ಎಂದಿದೆ. ಇಡೀ ಅಧ್ಯಾಯದಲ್ಲಿ ನಮ್ಮ ಮನಸ್ಸಿನಲ್ಲಿ ನಿಂತದ್ದು ಈ ಒಂದು ಸಾಲು. ವೈದ್ಯರು ಬರೆದಿದ್ದಾರೆ, ಅಂಗಡಿಯವರು ಕೊಟ್ಟಿದ್ದಾರೆ, ಗುಳಿಗೆ ಬಟ್ಟಲಲ್ಲಿದೆ. ಆದರೂ ಕೊನೆಯ ಕೈ ಒಂದು ನಿಮಿಷ ತಡೆದು ನಿಲ್ಲಬೇಕು.

ನಮ್ಮ ಬಂಧುಗಳಲ್ಲಿ ಕೆಲವರು ಮಗಳನ್ನು ಡಾಕ್ಟರ್ ಓದಿಸದೆ ನರ್ಸಿಂಗಿಗೆ ಯಾಕೆ ಹಾಕಿದಿರಿ ಎಂದು ಈಗಲೂ ಕೇಳುತ್ತಾರೆ. ನಾವು ಹಾಕಲಿಲ್ಲ, ಅವಳೇ ಸೇರಿದಳು. ಅದಿರಲಿ.

ಲೆಕ್ಕದ ಮಾತು ಹೇಳಬೇಕು. ಐನೂರು ಮಿಲಿಲೀಟರ್ ಸಲೈನ್ ನಾಲ್ಕು ಗಂಟೆಯಲ್ಲಿ ಇಳಿಯಬೇಕು, ಹಚ್ಚಿರುವ ಕೊಳವೆಯಲ್ಲಿ ಒಂದು ಮಿಲಿಲೀಟರಿಗೆ 20 ಹನಿ; ನಿಮಿಷಕ್ಕೆ ಎಷ್ಟು ಹನಿ? ನಲವತ್ತೆರಡು. ಗಡಿಯಾರ ಹಿಡಿದು ಹನಿ ಎಣಿಸಿ ಚಕ್ರ ತಿರುಗಿಸುವುದನ್ನು ಅವಳು ನಮಗೆ ಅಭಿನಯಿಸಿ ತೋರಿಸಿದ್ದಾಳೆ. ಇನ್ಸುಲಿನ್ ಇನ್ನೂ ಸೂಕ್ಷ್ಮ. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನದೂ 100 ಯೂನಿಟ್ಟಿನದೂ ಸಿಗುತ್ತವೆ, ಅವುಗಳ ಸಿರಿಂಜುಗಳೂ ಬೇರೆ. ಒಂದಕ್ಕೆ ಕೆಂಪು ಟೊಪ್ಪಿಗೆ, ಇನ್ನೊಂದಕ್ಕೆ ಕಿತ್ತಳೆ. ನೂರರದನ್ನು ನಲವತ್ತರ ಸಿರಿಂಜಿನಲ್ಲಿ ಎಳೆದರೆ ರೋಗಿಗೆ ಹೋಗುವುದು ಎರಡೂವರೆ ಪಟ್ಟು. ಅರ್ಧ ಎಂದು ಬರೆಯುವಾಗ ಬಿಂದುವಿನ ಹಿಂದೆ ಸೊನ್ನೆ ಇರಲೇಬೇಕು, ಐದು ಎಂದು ಬರೆಯುವಾಗ ಬಿಂದುವಿನ ಮುಂದೆ ಸೊನ್ನೆ ಇರಲೇಬಾರದು ಎಂಬುದು ಅವರಿಗೆ ಮೊದಲು ಕಲಿಸುವ ಪಾಠಗಳಲ್ಲೊಂದು. ಬಿಂದು ಮಾಸಿಹೋದರೆ ಅರ್ಧ ಐದಾಗುತ್ತದೆ, ಐದು ಐವತ್ತಾಗುತ್ತದೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆ ಬಾಳುವ ಮನೆಗೆ ಈ ಎಚ್ಚರ ಪರಿಚಿತವೆನಿಸಿತು. ನಮ್ಮಲ್ಲಿ ಐನೂರು ರೂಪಾಯಿಯ ಬಿಲ್ಲಿಗೂ ಮೊತ್ತವನ್ನು ಅಂಕಿಯಲ್ಲೊಮ್ಮೆ ಅಕ್ಷರದಲ್ಲೊಮ್ಮೆ ಬರೆದು, ‘ಮಾತ್ರ’ ಎಂದು ಸೇರಿಸಬೇಕು. ಮಾತ್ರೆಯೆಂದರೂ ಅಳತೆಯೇ, ಛಂದಸ್ಸಿನಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು. ಗುಳಿಗೆಗೆ ಆ ಹೆಸರಿಟ್ಟವರು ತಿಳಿದೇ ಇಟ್ಟಿರಬೇಕು.

ಕಾಲೇಜು ಕಲಿಸುವುದು ಔಷಧದ ಮೂಲ ಹೆಸರು, ವಾರ್ಡು ಮಾತಾಡುವುದು ಕಂಪನಿಯ ಹೆಸರು. ಪ್ಯಾರಾಸಿಟಮಾಲ್ ಎಂದು ಓದಿದವಳು ಅಲ್ಲಿ ಕ್ರೋಸಿನ್, ಡೋಲೊ, ಕ್ಯಾಲ್ಪಾಲ್ ಎಂದು ಕೇಳಬೇಕು, ನೆಗಡಿಯ ಗುಳಿಗೆಯೊಳಗೂ ಅದೇ ಅಡಗಿರುತ್ತದೆಂದು ನೆನಪಿಟ್ಟುಕೊಳ್ಳಬೇಕು. ರೋಗಿಗಳದು ಮೂರನೆಯ ಭಾಷೆ. ಅವರು ಮರಾಠಿಯಲ್ಲಿ, ಹಿಂದಿಯಲ್ಲಿ ಹೇಳುವುದು ಬಿಳಿ ಗುಳಿಗೆ, ಕಹಿ ಗುಳಿಗೆ, ರಾತ್ರಿಯ ಗುಳಿಗೆ ಎಂದು. ಮುಂಬಯಿಯ ವಾರ್ಡಿನಲ್ಲಿ ಆಗೊಮ್ಮೆ ಈಗೊಮ್ಮೆ ಕನ್ನಡದವರೂ ಸಿಗುತ್ತಾರೆ. ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದವರು. ಕನ್ನಡ ಬಲ್ಲ ಹುಡುಗಿಯೊಬ್ಬಳಿದ್ದಾಳೆಂದು ತಿಳಿದರೆ ತಮ್ಮ ಗುಳಿಗೆಗಳನ್ನೆಲ್ಲ ಮಂಚದ ಮೇಲೆ ಹರವಿ ಕೂರುತ್ತಾರಂತೆ. ಆಗ ಅವಳಿಗೆ ಮಾತು ತಡವರಿಸುತ್ತದೆ. ಕ್ರಿಯೆಯನ್ನು ಇಂಗ್ಲಿಷಿನಲ್ಲಿ ಗಡಗಡನೆ ಹೇಳುವವಳಿಗೆ ‘ಖಾಲಿ ಹೊಟ್ಟೆಯಲ್ಲಿ’ ಎನ್ನುವುದು ಕೂಡ ಒಮ್ಮೆಲೇ ಬಾಯಿಗೆ ಬರುವುದಿಲ್ಲ. ನಗರದಲ್ಲಿ ಹುಟ್ಟಿ ಬೆಳೆದ ಮಗಳ ಕನ್ನಡ ಊಟ, ನಿದ್ದೆ, ಹಬ್ಬಗಳಿಗೆ ಸಾಕಾಗುವಷ್ಟಿದೆ. ಕಾಯಿಲೆಯ ಕನ್ನಡ ಅವಳಿಗೆ ಬೇಕಾಗಬಹುದೆಂದು ಯಾರೂ ಎಣಿಸಿರಲಿಲ್ಲ.

ಅದು ಬೇಕಾದದ್ದು ಮನೆಯಲ್ಲೇ. ದಸರೆಗೆಂದು ಧಾರವಾಡದಿಂದ ಅಜ್ಜಿ ಬಂದಿದ್ದರು. ನಮ್ಮಲ್ಲಿ ಒಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ. ಬೆರಳಿನ ಕೀಲುಗಳು ಬಾತು ಚಪಾತಿ ಲಟ್ಟಿಸಲಾರದಷ್ಟಾದಾಗ ಊರಿನ ವೈದ್ಯರು ಸಂಧಿವಾತವೆಂದು ಗುರುತಿಸಿ ಹೊಸ ಔಷಧ ಆರಂಭಿಸಿದ್ದರು. ಬಂದ ಮೂರನೆಯ ದಿನಕ್ಕೆ ಅಜ್ಜಿಗೆ ಬಾಯೆಲ್ಲ ಹುಣ್ಣು. ಖಾರ ಮುಟ್ಟದೆ ಮೊಸರನ್ನ ಕಲಸಿಕೊಳ್ಳುತ್ತ, “ಉಷ್ಣ ಆಗೇದವಾ, ಎರಡು ದಿನಾ ಮಜ್ಜಿಗಿ ಕುಡದರ ತಾನ ಆರತದ” ಎಂದರು. ದೂರದ ರೈಲು ಪ್ರಯಾಣ, ಹೊರಗೆ ಅಕ್ಟೋಬರಿನ ಬಿಸಿಲು, ನಂಬುವಂಥ ಮಾತೇ.

ಮಗಳಿಗೆ ಆ ವಾರ ಹತ್ತು ಔಷಧಗಳ ಟಿಪ್ಪಣಿ ಒಪ್ಪಿಸಬೇಕಿತ್ತು. ಎಂಟು ಮುಗಿದಿದ್ದವು. ಉಳಿದೆರಡಕ್ಕೆ ಅಜ್ಜಿಯ ಡಬ್ಬಿ ಅನುಕೂಲವಾಗಿ ಕಂಡಿತು. ಡಬ್ಬಿಯಲ್ಲಿ ಎರಡು ಲಕೋಟೆಗಳು, ಎರಡರಲ್ಲೂ ಸಣ್ಣ ಹಳದಿ ಗುಳಿಗೆಗಳು. ಒಂದು ಮೆಥೊಟ್ರೆಕ್ಸೇಟ್, ಇನ್ನೊಂದು ಫೋಲಿಕ್ ಆಮ್ಲ. ಅವಳು ಪುಸ್ತಕ ತೆರೆದು ಮೆಥೊಟ್ರೆಕ್ಸೇಟಿನ ಪ್ರಮಾಣ ಬರೆದುಕೊಳ್ಳುತ್ತಿದ್ದವಳು ಲೇಖನಿ ಕೆಳಗಿಟ್ಟಳು. ಸಂಧಿವಾತಕ್ಕೆ ಅದನ್ನು ಕೊಡುವುದು ವಾರಕ್ಕೊಮ್ಮೆ. ಉಳಿದ ದಿನಗಳಲ್ಲಿ ಫೋಲಿಕ್ ಆಮ್ಲ. ವೈದ್ಯರ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಹಾಗೆಯೇ ಇತ್ತು. ಅಂಗಡಿಯ ಲಕೋಟೆಗಳ ಮೇಲೆ ಮಾತ್ರ ಅದು ಅದಲುಬದಲಾಗಿತ್ತು. ಮೆಥೊಟ್ರೆಕ್ಸೇಟಿನ ಮೇಲೆ 1-0-0, ಎಂದರೆ ದಿನವೂ ಬೆಳಿಗ್ಗೆ ಒಂದು. ಫೋಲಿಕ್ ಆಮ್ಲದ ಮೇಲೆ ವಾರಕ್ಕೊಂದು.

“ಅಜ್ಜಿ, ಇದನ್ನ ಎಷ್ಟು ದಿನದಿಂದ ತಗೊಳ್ತಾ ಇದೀರಿ?”

“ಆರು ದಿನಾತು. ಅಂಗಡ್ಯಾಂವ ಬರದ ಕೊಟ್ಟಾನಲ್ಲ, ದಿನಾ ಒಂದು ಅಂತ.”

ಮಗಳು ಅಜ್ಜಿಯ ಬಾಯಿ ತೆರೆಸಿ ಮೊಬೈಲಿನ ಬೆಳಕಿನಲ್ಲಿ ನೋಡಿದಳು. ಆಮೇಲೆ ನಮ್ಮ ಕಡೆ ತಿರುಗಿ, ಈಗಲೇ ಹೊರಡಬೇಕು ಎಂದಳು. ಬೆಳಿಗ್ಗೆ ಹೋದರಾಗದೇ ಎಂದು ಅಜ್ಜಿ ಕೇಳಿದಾಗ, ಆಗುವುದಿಲ್ಲ ಎಂದು ಅವಳು ಹೇಳಿದ ಧ್ವನಿ ನಮಗೆ ಹೊಸದು. ಆಸ್ಪತ್ರೆಯಲ್ಲಿ ಎರಡೂ ಲಕೋಟೆಗಳನ್ನೂ ಚೀಟಿಯನ್ನೂ ಮೇಜಿನ ಮೇಲಿಟ್ಟು, ಔಷಧ, ಪ್ರಮಾಣ, ದಿನ, ಲಕ್ಷಣ ಎಂದು ಕ್ರಮವಾಗಿ ನಾಲ್ಕು ಮಾತು ಹೇಳಿದಳು. ರಾತ್ರಿ ಪಾಳಿಯ ವೈದ್ಯರು ಮತ್ತೆ ಪ್ರಶ್ನೆ ಕೇಳಲಿಲ್ಲ. ರಕ್ತ ತೆಗೆದರು, ಫೋಲಿನಿಕ್ ಆಮ್ಲದ ಚುಚ್ಚುಮದ್ದು ಶುರುಮಾಡಿದರು. ಬಿಳಿ ರಕ್ತಕಣಗಳು ಇಳಿದಿದ್ದವು, ಕೈಮೀರಿರಲಿಲ್ಲ. ಒಂಬತ್ತು ದಿನದ ಮೇಲೆ ಅಜ್ಜಿಯನ್ನು ಮನೆಗೆ ಕರೆತಂದೆವು. ಆ ಒಂಬತ್ತು ದಿನಗಳ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ಎರಡು ದಿನಕ್ಕೊಮ್ಮೆ ಬರುವ ಒಂದು ಸಂಖ್ಯೆಗಾಗಿ ಕಾಯ್ದೆವು ಎಂದರೆ ಸಾಕು.

ಕಾಯುವಾಗ ಮಗಳು ಬಿಡಿಸಿ ಹೇಳಿದಳು. ಮೆಥೊಟ್ರೆಕ್ಸೇಟ್ ಫೋಲಿಕ್ ಆಮ್ಲದ ವೇಷ ಹಾಕಿಕೊಂಡು ಜೀವಕೋಶದೊಳಗೆ ಹೋಗುತ್ತದೆ. ಅಸಲಿಯ ಜಾಗದಲ್ಲಿ ನಕಲಿ ಕೂತು, ಫೋಲಿಕ್ ಆಮ್ಲವನ್ನು ಕೆಲಸಕ್ಕೆ ಹಚ್ಚುವ ಕಿಣ್ವವನ್ನು ಹಿಡಿದಿಟ್ಟುಬಿಡುತ್ತದೆ. ಆಗ ಬೇಗಬೇಗ ಒಡೆದು ಹೆಚ್ಚುವ ಕೋಶಗಳಿಗೆ ಮೊದಲು ಪೆಟ್ಟು. ದೊಡ್ಡ ಪ್ರಮಾಣದಲ್ಲಿ ಕ್ಯಾನ್ಸರಿಗೂ, ವಾರಕ್ಕೊಂದು ಸಣ್ಣ ಗುಳಿಗೆಯಾಗಿ ಸಂಧಿವಾತಕ್ಕೂ ಅದು ಔಷಧ. ದಿನಾ ನುಂಗಿದರೆ ಮೂಳೆಯೊಳಗಿನ ಮಜ್ಜೆ, ಕರುಳಿನ ಒಳಪದರ, ಬಾಯಿ ಸೊರಗುತ್ತವೆ. ವಯಸ್ಸಾದವರ ಮೂತ್ರಪಿಂಡ ಅದನ್ನು ಹೊರಹಾಕುವುದೂ ನಿಧಾನ. ಅಜ್ಜಿಯ ಉಷ್ಣ ಅದು. ಫೋಲಿನಿಕ್ ಆಮ್ಲ ಆ ಮುಚ್ಚಿದ ಬಾಗಿಲನ್ನು ತಪ್ಪಿಸಿ ಹಿತ್ತಿಲಿನಿಂದ ಒಳಗೆ ಹೋಗುವ ಬಂಧು.

ನಾವಿರುವ ಊರಿಗೂ ಈ ಎರಡು ಗುಳಿಗೆಗಳಿಗೂ ಹಳೆಯ ನಂಟಿದೆಯೆಂದು ಗೊತ್ತಾದದ್ದು ಅದೇ ದಿನಗಳಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಬಟ್ಟೆ ಗಿರಣಿಗಳ ಬಡ ಹೆಂಗಸರು ಗರ್ಭಿಣಿಯರಾದಾಗ ರಕ್ತಹೀನರಾಗಿ ಸಾಯುತ್ತಿದ್ದುದೇಕೆ ಎಂಬುದು ಅವರ ಪ್ರಶ್ನೆ. ಸೋಂಕಲ್ಲ, ಊಟದಲ್ಲೇ ಏನೋ ಕೊರತೆ ಎಂದು ಕಂಡುಕೊಂಡು, ಯೀಸ್ಟಿನ ಸಾರವಾದ ಮಾರ್ಮೈಟ್ ತಿನ್ನಿಸಿದಾಗ ಅವರು ಚೇತರಿಸಿಕೊಂಡರು. 1931ರಲ್ಲಿ ಇದು ಪ್ರಕಟವಾಯಿತು. ಆ ಸಾರದೊಳಗಿನ ಅಂಶಕ್ಕೆ ಬಹುಕಾಲ ‘ವಿಲ್ಸ್ ಫ್ಯಾಕ್ಟರ್’ ಎಂದೇ ಹೆಸರು. 1941ರಲ್ಲಿ ಅಮೆರಿಕದಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅಂಥದೇ ವಸ್ತುವನ್ನು ಬೇರ್ಪಡಿಸಿದವರು ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದನ್ನು ಫೋಲಿಕ್ ಆಮ್ಲವೆಂದು ಕರೆದರು. ಮುಂದೆ ಲೆಡರ್ಲಿ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಂದಾಳು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ತಂಡವೇ ಅದರ ನಕಲಿಗಳನ್ನೂ ತಯಾರಿಸಿತು. ಅವುಗಳಲ್ಲೊಂದನ್ನು ಕೊಟ್ಟು ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳ ರಕ್ತ ಕ್ಯಾನ್ಸರನ್ನು ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿಸಿದ್ದು 1948ರಲ್ಲಿ. ಸುಬ್ಬರಾವ್ ತೀರಿಕೊಂಡದ್ದೂ ಅದೇ ವರ್ಷ. ಅಸಲಿ, ನಕಲಿ ಎರಡೂ ಒಂದೇ ಮನೆಯಲ್ಲಿ ಹುಟ್ಟಿ, ಎರಡೂ ಹಳದಿಯಾಗಿ, ಕಡೆಗೆ ಅಜ್ಜಿಯ ಒಂದೇ ಡಬ್ಬಿಗೆ ಬಂದು ಸೇರಿದ್ದವು. ಮಗಳ ಪುಸ್ತಕದಲ್ಲಿ ಈ ಕಥೆಗೆ ಜಾಗವಿಲ್ಲ. ಇರಬೇಕಿತ್ತು ಎಂದು ನಮಗನ್ನಿಸುತ್ತದೆ. ಗಿರಣಿಯ ಹೆಂಗಸರನ್ನು ನೆನೆದರೆ ಫೋಲಿಕ್ ಆಮ್ಲವನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ.

ಇನ್ನೊಂದು ಅಂಶವೂ ಆ ಪುಸ್ತಕದಲ್ಲಿ ಇಕ್ಕಟ್ಟಿನಲ್ಲಿದೆ. ಗುಂಪು, ಕ್ರಿಯೆಗಳಿಗೆ ಪುಟಗಟ್ಟಲೆ. ರೋಗಿಗೆ ಹೇಗೆ ಹೇಳಬೇಕೆಂಬುದಕ್ಕೆ ಒಂದು ಸಾಲು: ‘ರೋಗಿಗೆ ತಿಳಿಹೇಳುವುದು’. ಯಾವ ಮಾತಿನಲ್ಲಿ? ನಲವತ್ತು ವರ್ಷ ಕನ್ನಡ ಪತ್ರಿಕೆ ಓದಿದ ಅಜ್ಜಿಗೆ ಚೀಟಿ ಇಂಗ್ಲಿಷಿನಲ್ಲಿ, ಲಕೋಟೆ ಗೀಟುಗಳಲ್ಲಿ. ವೈದ್ಯರು ಔಷಧದ ಮೂಲ ಹೆಸರನ್ನು ಓದಲಾಗುವಂತೆ, ಆದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು 2016ರಲ್ಲಿ ನಿಯಮಕ್ಕೆ ತಿದ್ದುಪಡಿ ಬಂದಿದೆ. ಸರಿಯೇ. ಅಜ್ಜಿಯ ವೈದ್ಯರ ಚೀಟಿಯೂ ಸ್ಫುಟವಾಗಿಯೇ ಇತ್ತು. ಓದಬೇಕಾದವರಿಗೆ ಆ ಲಿಪಿ ಬರುತ್ತಿರಲಿಲ್ಲ.

ವೈದ್ಯರು ತಿಂಗಳು ಬಿಟ್ಟು ಅದೇ ಔಷಧವನ್ನು ಮತ್ತೆ ಆರಂಭಿಸಬಹುದೆಂದಾಗ, ಅಜ್ಜಿಯ ಡಬ್ಬಿಗೆ ಕನ್ನಡದಲ್ಲಿ ಒಂದು ಕಾರ್ಡು ಬರೆಯುವುದೆಂದು ಮೂವರೂ ಕುಳಿತೆವು. ಎರಡು ಸಂಜೆ ಹಿಡಿಯಿತು. ‘ಅಡ್ಡಪರಿಣಾಮ’ ಎಂದು ನಾವು ಬರೆದದ್ದನ್ನು ಮಗಳು ಹೊಡೆದುಹಾಕಿದಳು; ಅದನ್ನು ಓದಿ ಅಜ್ಜಿ ಏನು ಮಾಡಬೇಕು ಎಂದು ಕೇಳಿದಳು. ಅದರ ಬದಲು: ಬಾಯಿ ಹುಣ್ಣಾದರೆ, ಜ್ವರ ಬಂದರೆ, ಉಸಿರು ಕಟ್ಟಿದರೆ, ಗುಳಿಗೆ ನಿಲ್ಲಿಸಿ, ಅದೇ ದಿನ ಡಾಕ್ಟರಿಗೆ ಹೇಳಿ, ಉಷ್ಣವೆಂದು ಕೂರಬೇಡಿ. ನೋವಿನ ಗುಳಿಗೆಯನ್ನು ಕೇಳದೆ ನುಂಗಬೇಡಿ. ‘ವಾರಕ್ಕೊಮ್ಮೆ’ ಎಂಬುದೂ ಅವಳಿಗೆ ಸಾಲಲಿಲ್ಲ. ದಿನದ ಹೆಸರೇ ಬೇಕು. ಯಾವ ದಿನವೆಂದು ಅಜ್ಜಿಯನ್ನೇ ಕೇಳಿದೆವು.

“ಸೋಮವಾರ ನಂದು ಒಪ್ಪತ್ತು ಇರತದಲ್ಲ, ಅವತ್ತ ಇರಲಿ. ಉಂಡ ಮ್ಯಾಲೆ ತೊಗೊಂಡರ ನೆನಪ ಹಾರೂದಿಲ್ಲ.”

ಐವತ್ತು ವರ್ಷದಿಂದ ತಪ್ಪದ ವಾರ ಅದು. ವೈದ್ಯರೂ ಆಗಬಹುದೆಂದರು. ಕಾರ್ಡಿನ ನೆತ್ತಿಯ ಮೇಲೆ ‘ಸೋಮವಾರ ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆದಾಯಿತು. ಆ ‘ಮಾತ್ರ’ ಕಚೇರಿಯ ಕೊಡುಗೆ. ಎರಡೂ ಹಳದಿಯಾದ್ದರಿಂದ ಮೆಥೊಟ್ರೆಕ್ಸೇಟಿನ ಪಟ್ಟಿಗೆ ಮಗಳು ಕೆಂಪು ದಾರ ಕಟ್ಟಿದಳು. ಆ ಮೇಲೆ ತನ್ನ ಟಿಪ್ಪಣಿ ಪುಸ್ತಕ ತೆಗೆದು, ಹತ್ತರಲ್ಲಿ ಉಳಿದುಹೋಗಿದ್ದ ಎರಡನ್ನು ಬರೆದು ಮುಗಿಸಿದಳು. ತಡವಾದದ್ದಕ್ಕೆ ಅಂಕ ಕಳೆದರು.

ಅಜ್ಜಿ ಊರಿಗೆ ಹೋಗಿ ಈಗ ಮೂರು ತಿಂಗಳು. ಬೆರಳು ಸಡಿಲವಾಗಿವೆ, ಲಟ್ಟಣಿಗೆ ಹಿಡಿಯುತ್ತಾರೆ. ಮೊನ್ನೆ ಫೋನಿನಲ್ಲಿ ಮೊಮ್ಮಗಳನ್ನೇ ಕರೆಯಿರಿ ಎಂದರು. ಪಕ್ಕದ ಓಣಿಯವರೊಬ್ಬರಿಗೂ ಅದೇ ಗುಳಿಗೆ ಬರೆದಿದ್ದಾರಂತೆ. ಅಜ್ಜಿ ಅವರ ಮನೆಗೆ ಹೋಗಿ ಲಕೋಟೆ ಈಸಿಕೊಂಡು, ಓದುವ ಹುಡುಗನೊಬ್ಬನನ್ನು ಕರೆಸಿ ಚೀಟಿಗೂ ಲಕೋಟೆಗೂ ತಾಳೆ ನೋಡಿಸಿದ್ದರು.

“ಬರೋಬ್ಬರಿ ಐತಿ ತಂಗಿ. ಆದರ ಅಕಿಗಿ ದಾರಾ ಕಟ್ಟಿದ್ದಿಲ್ಲ, ನಾನ ಕಟ್ಟಿ ಬಂದೆ. ಅಕಿ ಗುರುವಾರ ಹಿಡದಾಳ. ನಡೀತದಲ್ಲ?”

ನಡೆಯುತ್ತದೆ ಎಂದಳು ಮಗಳು, ಯಾವ ನೋವಿನ ಗುಳಿಗೆ ತೆಗೆದುಕೊಳ್ಳುತ್ತಾರೆ ಕೇಳಿ ಎಂದು ಸೇರಿಸಿದಳು.